ಪಿನ್ನು ಕಿತ್ತ ಗೊಂಬೆಗಳು

ಸೋಮವಾರ ಬೆಳಗ್ಗೆ ನಮ್ಮ ವಸ್ತ್ರವಿನ್ಯಾಸ ಕಾಲೇಜಿನ ಡ್ರೇಪಿಂಗ್ ಕೋಣೆಯ ಬಾಗಿಲು ತೆಗೆದಾಗ ಗೊಂಬೆಗಳೆಲ್ಲ ಬೆತ್ತಲೆ ನಿಂತಿದ್ದವು. ತಲೆಯಿಲ್ಲದ, ಕೈಯಿಲ್ಲದ, ಕಬ್ಬಿಣದ ಒಂಟಿಕಾಲಿನ ಗೊಂಬೆಗಳು. ಶುಕ್ರವಾರ ಸಂಜೆ ನಾವು ಬಿಟ್ಟುಹೋಗುವಾಗ ಒಂದೊಂದೂ ನಮ್ಮಲ್ಲಿ ಒಬ್ಬೊಬ್ಬರ ಉಡುಪು ತೊಟ್ಟುಕೊಂಡಿತ್ತು. ಈಗ ಆ ಬಿಳಿ ಬಟ್ಟೆಗಳು ಕಿಟಕಿ ಪಕ್ಕದ ಮೇಜಿನ ಮೇಲೆ, ಅಂಚಿಗೆ ಅಂಚು ಕೂಡಿಸಿ, ಇಸ್ತ್ರಿ ಮಾಡಿ, ಒಂದರ ಮೇಲೊಂದು ಮಡಚಿಟ್ಟಿದ್ದವು. ಪಕ್ಕದಲ್ಲಿ ಒಂದು ಡಬ್ಬದ ತುಂಬ ಪಿನ್ನು. ಯಾರೋ ಬಹಳ ಶ್ರದ್ಧೆಯಿಂದ ಮಾಡಿದ ಕೆಲಸ. ಆ ಶ್ರದ್ಧೆ ನೋಡಿಯೇ ನನಗೆ ಹೊಟ್ಟೆ ಉರಿಯಿತು.

ಗೊತ್ತಿಲ್ಲದವರಿಗೆ ಇದರಲ್ಲಿ ಅಳುವಂಥದ್ದೇನಿದೆ ಅನ್ನಿಸಬಹುದು. ಡ್ರೇಪಿಂಗ್ ಅಂದರೆ ಕಾಗದದ ಮೇಲೆ ಗೀಟು ಎಳೆದು ಕತ್ತರಿಸುವ ಕೆಲಸವಲ್ಲ. ಬಟ್ಟೆಯನ್ನು ನೇರವಾಗಿ ಗೊಂಬೆಯ ಮೈಮೇಲೆ ಹೊದಿಸಿ, ಇಲ್ಲಿ ಎಳೆದು, ಅಲ್ಲಿ ಸಡಿಲ ಬಿಟ್ಟು, ನೆರಿಗೆ ಕೂರುವ ಜಾಗ ಸಿಕ್ಕಿದ ಕೂಡಲೇ ಪಿನ್ನು ಚುಚ್ಚಬೇಕು. ವಾರಗಟ್ಟಲೆ ಹುಡುಕಿದ ಉಡುಪು ಇರುವುದು ಆ ಪಿನ್ನುಗಳಲ್ಲಿ. ಕಿತ್ತರೆ ಬರೀ ಬಟ್ಟೆ. ಪಿನ್ನಿನ ತೂತು ನೋಡಿಯಾದರೂ ಜಾಗ ಹಿಡಿಯಬಹುದಿತ್ತು; ಆ ಪುಣ್ಯಾತ್ಮರು ನೀರು ಚಿಮುಕಿಸಿ ಇಸ್ತ್ರಿ ಬೇರೆ ಎಳೆದಿದ್ದರು. ತೂತೆಲ್ಲ ಮುಚ್ಚಿಹೋಗಿತ್ತು.

ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಬಾರದಿತ್ತೇ ಅಂದರೆ, ಬಾರದು. ಅದು ನಮ್ಮ ಡ್ರೇಪಿಂಗ್ ಮೇಡಂ ಅವರ ಕಟ್ಟಪ್ಪಣೆ. "ನಾನು ನೋಡಿ ಸರಿ ಅನ್ನೋ ತನಕ ಬಟ್ಟೆಗೆ ಪೆನ್ಸಿಲ್ ತಾಗಿಸಿದ್ರೆ ಆ ಬಟ್ಟೆ ನಾನು ನೋಡೋದೇ ಇಲ್ಲ. ಗೆರೆ ಬಿದ್ದ ಮೇಲೆ ನಿಮ್ಮ ಕಣ್ಣು ಗೆರೆ ನೋಡುತ್ತೆ, ಬಟ್ಟೆ ನೋಡಲ್ಲ." ಅವರು ನೋಡಬೇಕಾಗಿದ್ದದ್ದು ಆ ಸೋಮವಾರವೇ. ಒಪ್ಪಿಗೆ ಸಿಕ್ಕ ಮೇಲೆ ಅದೇ ಉಡುಪನ್ನು ಬಣ್ಣದ ಬಟ್ಟೆಯಲ್ಲಿ ಹೊಲಿದು ವರ್ಷದ ಕೊನೆಯ ಪ್ರದರ್ಶನಕ್ಕೆ ಇಡಬೇಕು. ಶುಕ್ರವಾರದೊಳಗೆ ಒಪ್ಪಿಗೆ ಸಿಗದವರು ಎರಡನೇ ವರ್ಷವನ್ನೇ ಮತ್ತೆ ಓದಬೇಕು.

ಮೊದಲು ಬಾಯಿ ತೆಗೆದವಳು ಟೇಪು. ನಾವಿಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ಉದ್ದಕ್ಕಿದ್ದಳು. ನಾಲಿಗೆ ಇನ್ನೂ ಉದ್ದ. "ಯಾರ ಕೈ ಇದು? ಸೇದಿಹೋಗ! ಇಸ್ತ್ರಿ ಬೇರೆ ಮಾಡಿದಾರೆ ನೋಡ್ರೇ, ಮದುವೆಗೆ ಹೋಗೋ ಹಾಗೆ!"

ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಯಾಕೆಂದರೆ ನಾನು ವಿದ್ಯಾರ್ಥಿ ಸಂಘದ ಸೆಕ್ರೆಟರಿ.

ನಾನು ಆದದ್ದಲ್ಲ, ನನ್ನನ್ನು ಮಾಡಿದ್ದು. ಚುನಾವಣೆಯ ದಿನ ಯಾರೂ ನಿಲ್ಲಲಿಲ್ಲ. ನಲ್ಲಿ ಸೋರಿದರೂ ಸೆಕ್ರೆಟರಿ, ಸೂಜಿ ಮುರಿದರೂ ಸೆಕ್ರೆಟರಿ, ಯಾರಿಗೆ ಬೇಕು? ಟೇಪು ನನ್ನ ಕೈ ಹಿಡಿದು ಮೇಲೆತ್ತಿ, "ಇವಳಾಗ್ಲಿ. ಯಾರ ಹತ್ರಾನೂ ಜಗಳಕ್ಕೆ ಹೋಗಲ್ಲ, ಪಾಪ" ಅಂದಳು. ನಕ್ಕುಕೊಂಡು ಎಲ್ಲರೂ ಕೈ ಎತ್ತಿದರು. ಬಾಯಿಲ್ಲದವಳನ್ನು ಹಿಡಿದು ಎಲ್ಲರ ಬಾಯಿ ಮಾಡಿದರು. ನಾನು ಶಾಲೆ ಅರ್ಧಕ್ಕೇ ಬಿಟ್ಟವಳು. ಅಮ್ಮ ಹಾಸಿಗೆ ಹಿಡಿದ ವರ್ಷ ಬಿಟ್ಟೆ. ಅಮ್ಮ ಹೋದ ಮೇಲೆ ಚಿಕ್ಕಮ್ಮನ ಆಲ್ಟರೇಷನ್ ಅಂಗಡಿಯಲ್ಲಿ ಪ್ಯಾಂಟಿನ ಕಾಲು ಮಡಚುತ್ತಾ ಬೆಳೆದೆ. ಈ ಕಾಲೇಜು ಕೆಲವರನ್ನು ಕೈಕೆಲಸ ನೋಡಿ ಸೇರಿಸಿಕೊಳ್ಳುತ್ತದೆ, ಹಾಗೆ ಒಳಗೆ ಬಂದೆ. ಮಾತಾಡುವಾಗ ನನ್ನ ಕಣ್ಣು ಎದುರಿನವರ ಚಪ್ಪಲಿ ಮೇಲಿರುತ್ತದೆ. ಏನು ಕೇಳಿದರೂ ತಲೆ ಆಡಿಸಿಬಿಡುತ್ತೇನೆ. ಆಡಿಸಿದರೆ ಮಾತು ಬೇಗ ಮುಗಿಯುತ್ತದೆ.

"ಏನು ಸೆಕ್ರೆಟರಿ ಮೇಡಮ್ಮೋರೇ, ನಿಂತೇ ಇದೀರಲ್ಲ?" ಟೇಪು ಅಂದಳು. "ಹೋಗಿ ಕೇಳಿ. ಒಂದು ವಾರ ಮುಂದಕ್ಕೆ ಹಾಕ್ಲಿ. ನಾವೆಲ್ಲ ನಿಮ್ಮ ಹಿಂದೆ ಇದೀವಿ."

ಅಷ್ಟು ಗದ್ದಲದಲ್ಲಿ ಅಕ್ಕ ಒಬ್ಬರೇ ಸುಮ್ಮನಿದ್ದರು. ನಮ್ಮೆಲ್ಲರಿಗಿಂತ ದೊಡ್ಡವರು, ಮದುವೆಯಾದವರು, ಹಾಗಾಗಿ ಕ್ಲಾಸಿಗೆಲ್ಲ ಅಕ್ಕ. ಅವರದು ನಮ್ಮ ಹಾಗೆ ರವಿಕೆ, ಕಾಲರು ಅಲ್ಲ. ಒಂದೇ ಉದ್ದ ಬಟ್ಟೆಯನ್ನು ಎಲ್ಲೂ ಕತ್ತರಿಸದೆ, ಓರೆಯಾಗಿ ಹಿಡಿದು, ಹೆಗಲಿಂದ ಹಿಮ್ಮಡಿ ತನಕ ಮೈಸುತ್ತ ಇಳಿಬಿಟ್ಟ ಉಡುಪು. ನೋಡಿದರೆ ಬಟ್ಟೆ ನೀರಿನ ಹಾಗೆ ಇಳಿಯುತ್ತಿತ್ತು. ಈಗ ಆ ಬಟ್ಟೆ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದರು.

"ಸಿಕ್ತಾ ಅಕ್ಕಾ?"

"ಇಲ್ಲ ಕಣೇ. ಚೆನ್ನಾಗಿ ಇಸ್ತ್ರಿ ಮಾಡಿದಾರೆ." ಬಟ್ಟೆ ಮಡಚುತ್ತಾ, "ನಮ್ಮತ್ತೆ ಎರಡು ವರ್ಷ ಅಂದ್ರೆ ಎರಡೇ ವರ್ಷ ಅಂದಿದಾರೆ. ಇನ್ನೊಂದು ವರ್ಷ ಅಂತ ನಾನು ಹೋಗಿ ನಿಂತ್ರೆ ಅವರೇನೂ ಬೈಯಲ್ಲ. ಸುಮ್ನೆ ಅಡುಗೆಮನೆ ಬಾಗಿಲು ತೋರಿಸ್ತಾರೆ" ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನಲ್ಲಿ ಊಟದ ಬಿಡುವು ಪೂರ್ತಿ ಕಾದೆ. ಒಳಗೆ ಕರೆದಾಗ ಪ್ರಿನ್ಸಿಪಾಲ್ ಮೇಡಂ ಒಳ್ಳೆಯ ಮೂಡಿನಲ್ಲಿದ್ದರು. ಶನಿವಾರ ದೊಡ್ಡ ಬಟ್ಟೆ ಕಂಪನಿಯವರು ಕಾಲೇಜು ನೋಡಲು ಬಂದಿದ್ದರಂತೆ, ಮೆಚ್ಚಿಕೊಂಡು ಹೋದರಂತೆ.

"ಕೋಣೆ ಎಷ್ಟು ಚೊಕ್ಕವಾಗಿದೆ ಅಂದ್ರು ಗೊತ್ತಾ? ಮೊದಲ ವರ್ಷದ ಮಕ್ಕಳ ಕೈಲಿ ಮಾಡಿಸಿದ್ದು, ಪಾಪ ಎಷ್ಟು ಕಷ್ಟಪಟ್ಟಿವೆ."

"ಮೇಡಂ, ಗೊಂಬೆ ಮೇಲಿದ್ದದ್ದು..."

"ಅರ್ಧಂಬರ್ಧ ಬಟ್ಟೆ ನೇತಾಡ್ತಾ ಇದ್ರೆ ಬಂದವರಿಗೆ ಹೇಗೆ ಕಾಣುತ್ತೆ? ಮತ್ತೆ ನಿನಗೆ ಹೇಳಿಯೇ ಮಾಡಿಸಿದ್ದಲ್ವಾ?"

"ನನಗಾ?"

"ಗುರುವಾರ ಕಾರಿಡಾರಲ್ಲಿ ಸಿಕ್ಕಿದ್ಯಲ್ಲ. ಡ್ರೇಪಿಂಗ್ ಕೋಣೆ ಚೊಕ್ಕಟ ಮಾಡಿಸ್ತೀವಿ, ನಿಮ್ಮವರದ್ದೇನೂ ತಕರಾರಿಲ್ಲ ತಾನೆ ಅಂದೆ. ತಲೆ ಆಡಿಸಿದೆ."

ನಿಜ, ಆಡಿಸಿದ್ದೆ. ಚೊಕ್ಕಟ ಅಂದರೆ ನೆಲ ಗುಡಿಸುವುದು ಅಂದುಕೊಂಡಿದ್ದೆ. ದೂಳು ಹೊಡೆಯುವುದು, ಕತ್ತರಿಸಿದ ಚೂರು ಹೆಕ್ಕುವುದು. ಗೊಂಬೆಯ ಮೈಮೇಲಿನದು ಕಸ ಅಂತ ಯಾರಿಗಾದರೂ ಅನ್ನಿಸೀತು ಎಂದು ನನಗೆ ಹೊಳೆಯಲೇ ಇಲ್ಲ. ಇಷ್ಟನ್ನು ಅಲ್ಲಿ ಹೇಳಬೇಕಿತ್ತು. ಕಡೆಗೆ, "ಒಂದು ವಾರ ಬೇಕು ಮೇಡಂ" ಅಂದೆ.

"ಬುಧವಾರ ಸಭೆ ಇದೆಯಲ್ಲ, ಅಲ್ಲಿ ಮಾತಾಡೋಣ. ನಿಮ್ಮ ಕ್ಲಾಸಿನವರೆಲ್ಲ ಬರ್ಲಿ. ಡ್ರೇಪಿಂಗ್ ಮೇಡಂ ಕೂಡ ಇರ್ತಾರೆ. ಸರಿ ತಾನೆ?"

ಮತ್ತೆ ತಲೆ ಆಡಿಸಿ ಹೊರಗೆ ಬಂದೆ. ಬಂದ ಮೇಲೆ ನನ್ನ ತಲೆಯನ್ನು ನಾನೇ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಡ್ರೇಪಿಂಗ್ ಮೇಡಂ ಮೆಟ್ಟಿಲ ಹತ್ತಿರ ನನಗಾಗಿಯೇ ಕಾದಿದ್ದರು. ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಪೆನ್ಸಿಲ್ ವಿಷಯ ಏನಾದ್ರೂ ಎತ್ತಿದ್ಯಾ?" ಅಂದರು.

"ಇಲ್ಲ ಮೇಡಂ."

"ಎತ್ತಬೇಡ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲಮ್ಮ. ಗುರುತು ಹಾಕ್ಸಿದ್ರೆ ಇದೆಲ್ಲ ಆಗ್ತಿರಲಿಲ್ಲ ಅಂತ ನನ್ನ ತಲೆಗೇ ಕಟ್ತಾರೆ. ಬೇರೆ ಹೇಗಾದ್ರೂ ಹೇಳು."

ಬೇರೆ ಹೇಗೆ ಹೇಳುವುದು ಅಂತ ಅವರೂ ಹೇಳಲಿಲ್ಲ.

ಅಷ್ಟರಲ್ಲಿ ಅರ್ಧದಷ್ಟು ಗೊಂಬೆಗಳನ್ನು ಪ್ರದರ್ಶನಕ್ಕೆಂದು ಸಭಾಂಗಣಕ್ಕೆ ಸಾಗಿಸಿದ್ದರು. ಉಳಿದವುಗಳಿಗೆ ಸರದಿ. ಅಕ್ಕ ಪ್ರತಿ ಸಲವೂ ತಮ್ಮ ಸರದಿಯನ್ನು ಯಾರಾದರೂ ಅಳುವವರಿಗೆ ಬಿಟ್ಟುಕೊಡುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಸಂಜೆ ಅಂಗಡಿಗೆ ಹೋದಾಗ ಚಿಕ್ಕಮ್ಮ ಒಂದು ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ನಮ್ಮ ಅಂಗಡಿ ಅಂದರೆ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಮೇಲೆ ಯಾರಾದರೂ ಓಡಿದರೆ ನಮ್ಮ ತಲೆ ಮೇಲೆ ದೂಳು. ಎರಡು ಮಿಷನ್ನು, ಒಂದು ಉದ್ದ ಕನ್ನಡಿ, ಪರದೆ ಎಳೆದು ಮಾಡಿಕೊಂಡ ಬಟ್ಟೆ ಬದಲಿಸುವ ಮೂಲೆ.

"ಏನೇ, ಎಡಭುಜ ಇನ್ನೂ ಕೆಳಗಿಳಿದಿದೆ ಇವತ್ತು? ಮೊದಲೇ ನಿಂದು ತಕ್ಕಡಿ ಥರ," ಅಂದಳು. ಚಿಕ್ಕಂದಿನಿಂದ ಒಂದೇ ಕಡೆ ವಾಲಿ ಮಿಷನ್ ತುಳಿದು ನನ್ನ ಎಡಭುಜ ತುಸು ಜೋಲು. ನನಗೆ ಮನಸ್ಸು ಸರಿಯಿಲ್ಲದಾಗ ಅದು ಇನ್ನೂ ಜೋಲುತ್ತದೆ ಅಂತ ಚಿಕ್ಕಮ್ಮನ ಲೆಕ್ಕ.

ಎಲ್ಲ ಹೇಳಿದೆ. ಹಲ್ಲಲ್ಲಿ ದಾರ ಕಡಿದು ಕೇಳಿಸಿಕೊಂಡಳು.

"ಗಿರಾಕಿ ಬಂದು ಸ್ವಲ್ಪ ಚಿಕ್ಕದು ಮಾಡಿ ಅಂದ್ರೆ ಏನ್ ಮಾಡ್ತೀಯ?"

"ಪಿನ್ನು ಹಾಕಿ ಕನ್ನಡಿ ಮುಂದೆ ನಿಲ್ಲಿಸ್ತೀನಿ."

"ಆಮೇಲೆ?"

"ಇಷ್ಟಾ ಅಂತ ಕೇಳ್ತೀನಿ. ಬಾಯಿಬಿಟ್ಟು ಹ್ಞೂಂ ಅನ್ನೋ ತನಕ ಕತ್ತರಿ ಹಾಕಲ್ಲ."

"ಇಲ್ಲಿ ಬುದ್ಧಿವಂತೆ. ಅಲ್ಲಿ ಕಾಲೇಜಲ್ಲಿ ಅವರು ಸ್ವಲ್ಪ ಅಂತಾರೆ, ನೀನು ಬಸವನ ಹಾಗೆ ತಲೆ ಆಡಿಸ್ತೀಯ. ತಲೆ ಆಡಿಸೋದಕ್ಕೆ ಸೆಕ್ರೆಟರಿ ಯಾಕೆ ಬೇಕು? ಸ್ಪ್ರಿಂಗ್ ಗೊಂಬೆ ಸಾಕು."

"ನೀನು ಬೇರೆ ಶುರು ಮಾಡ್ಬೇಡ ಚಿಕ್ಕಮ್ಮ."

"ನಾನು ಶುರು ಮಾಡಿ ಬಹಳ ವರ್ಷ ಆಯ್ತು. ತಗೋ, ಈ ತೋಳು ಬಿಚ್ಚು."

ಬುಧವಾರದ ಸಭೆಗೆ ಎಲ್ಲರೂ ಬರುತ್ತೇವೆ ಅಂದಿದ್ದರು. ಬಂದದ್ದು ಬೆರಳೆಣಿಕೆಯಷ್ಟು. ಉಳಿದವರು ಎರಡೇ ದಿನದಲ್ಲಿ ಮೊದಲಿನ ಉಡುಪು ಕೈಬಿಟ್ಟು, ಸುಲಭದ್ದೊಂದು ಮಾಡಿ, ಡ್ರೇಪಿಂಗ್ ಮೇಡಂ ಅವರಿಂದ ಒಪ್ಪಿಗೆ ಗಿಟ್ಟಿಸಿಕೊಂಡಿದ್ದರು. ನನ್ನದೂ ಆಗಿತ್ತು, ಕಾಲರು ಕೂರಿಸುವುದು ನನಗೆ ಅಂಗಡಿಯಿಂದಲೇ ಅಭ್ಯಾಸ. ಅಕ್ಕನದು ಆಗಿರಲಿಲ್ಲ. ಬಟ್ಟೆ ಇಳಿಯಬೇಕಾದಲ್ಲಿ ಇಳಿಯದೆ ಹಟ ಹಿಡಿದಿತ್ತು, ಸರದಿ ಮುಗಿದು ಮತ್ತೆ ಬಿಚ್ಚಬೇಕಾಗುತ್ತಿತ್ತು.

ಉದ್ದ ಮೇಜಿನ ಆ ತುದಿಗೆ ಪ್ರಿನ್ಸಿಪಾಲರು, ಪಕ್ಕದಲ್ಲಿ ಡ್ರೇಪಿಂಗ್ ಮೇಡಂ. ನಾನು, ಅಕ್ಕ ಈ ತುದಿಗೆ. ಟೇಪು ನಡುವೆ ಕೂತಿದ್ದಳು. ಪ್ರಿನ್ಸಿಪಾಲರು ನನ್ನನ್ನು ಕೇಳುವ ಮೊದಲೇ ಟೇಪುವನ್ನು ಕೇಳಿದರು. "ನೀನು ಹೇಳಮ್ಮ. ಕ್ಲಾಸಿನವರಿಗೆ ಒಂದು ವಾರ ಬೇಕಂತಾ?"

ಟೇಪು ನನ್ನ ಕಡೆ ನೋಡಲಿಲ್ಲ. "ನಮ್ಮದೆಲ್ಲ ಹೆಚ್ಚುಕಮ್ಮಿ ಆಗಿದೆ ಮೇಡಂ. ದಿನ ಮುಂದೆ ಹಾಕಿದ್ರೆ ಪ್ರದರ್ಶನಾನೂ ಮುಂದೆ ಹೋಗುತ್ತೆ. ಮನೆಯವರಿಗೆಲ್ಲ ದಿನ ಹೇಳಿಬಿಟ್ಟಿದೀವಿ."

ಅವಳ ಮನೆಯವರದ್ದು ಬಟ್ಟೆ ಅಂಗಡಿ. ಮನೆಯಲ್ಲೇ ಗೊಂಬೆ ಇದೆ. ಸೋಮವಾರ ಸಂಜೆಗೇ ಅವಳದು ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು.

"ನೋಡಿದ್ಯಾ," ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಪ್ರತಿನಿಧಿ ಅಂದ್ರೆ ಹೆಚ್ಚಿನವರ ಮಾತು ಹೇಳ್ಬೇಕು. ಒಬ್ಬರಿಗೋಸ್ಕರ ಎಲ್ಲರನ್ನೂ ನಿಲ್ಲಿಸೋಕಾಗುತ್ತಾ? ಗುರುತು ಹಾಕಿಟ್ಟುಕೊಳ್ಳದೇ ಹೋಗಿದ್ದು ನಿಮ್ಮದೇ ತಪ್ಪು."

ಅಕ್ಕ ಮೇಜಿನ ಕೆಳಗೆ ನನ್ನ ಸೆರಗಿನ ತುದಿ ಎಳೆದರು, ಬಿಡು ಅನ್ನುವ ಹಾಗೆ. ಡ್ರೇಪಿಂಗ್ ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಅವರ ಉಗುರಿನ ಸುತ್ತ ಪಿನ್ನಿನ ಗಾಯಗಳು. ಎಲ್ಲರಿಗೂ ಇರುತ್ತವೆ ಆ ಗಾಯ. ಪ್ರಿನ್ಸಿಪಾಲರ ಕೈಯಲ್ಲಿ ಇರಲಿಲ್ಲ.

ಪೆನ್ಸಿಲ್ ವಿಷಯ ಎತ್ತುವುದಿಲ್ಲ ಅಂತ ನಾನು ಡ್ರೇಪಿಂಗ್ ಮೇಡಂಗೆ ಮಾತು ಕೊಟ್ಟಿರಲಿಲ್ಲ. ಹಾಗಂತ ಕೊಡಲಿಲ್ಲ ಅನ್ನುವುದಕ್ಕೂ ಆಗುತ್ತಿರಲಿಲ್ಲ, ಆಗಲೂ ತಲೆ ಆಡಿಸಿರಬೇಕು.

"ಮೇಡಂ," ಅಂದೆ, ಪೆನ್ನಿನ ಮುಚ್ಚಳ ನೋಡುತ್ತಾ. "ಅಕ್ಕ ಶುಕ್ರವಾರ ಗುರುತು ಹಾಕಿದ್ರೆ, ಸೋಮವಾರ ನೀವು ಅದನ್ನ ನೋಡ್ತಿದ್ರಾ?"

ಮುಚ್ಚಳ ನಿಂತಿತು. ಹೊರಗೆ ಯಾರೋ ಕುರ್ಚಿ ಎಳೆದರು.

"ಇಲ್ಲ," ಅಂದರು ಡ್ರೇಪಿಂಗ್ ಮೇಡಂ. ಪೆನ್ನು ಕೆಳಗಿಟ್ಟು, "ನೋಡ್ತಿರಲಿಲ್ಲ. ಗುರುತು ಹಾಕ್ಬಾರ್ದು ಅನ್ನೋದು ನನ್ನ ನಿಯಮ" ಅಂದರು. ನನ್ನ ಮೇಲೆ ಅವರ ಕಣ್ಣು ಒಂದು ಸಲ ಬಿತ್ತು. ಆ ನೋಟ ನನಗೆ ಇವತ್ತಿಗೂ ಹಿತವಾಗಿ ನೆನಪಾಗುವುದಿಲ್ಲ.

ಪ್ರಿನ್ಸಿಪಾಲರು ಮುಖ ಬಿಗಿದುಕೊಂಡರು. "ಸರಿ, ಆಕೆಗೆ ಏನಾದ್ರೂ ಮಾಡೋಣ. ನೋಡೋಣ. ಆಯ್ತಲ್ಲ?"

ನನ್ನ ತಲೆ ತಾನಾಗಿಯೇ ಅಲುಗಲು ಹೊರಟಿತು. ಕತ್ತು ಬಿಗಿಹಿಡಿದೆ.

"ಯಾವತ್ತಿನ ತನಕ ಮೇಡಂ?"

"ನೋಡೋಣ ಅಂದ್ನಲ್ಲಮ್ಮ."

"ಯಾವತ್ತಿನ ತನಕ ಅಂತ ಹೇಳಿದ್ರೆ ಅವರು ಮನೇಲಿ ಹೇಳ್ಬಹುದು."

ಪ್ರಿನ್ಸಿಪಾಲರು ನಾನು ತಲೆ ಆಡಿಸುತ್ತೇನೆ ಅಂತ ಕಾದರು. ನಾನು ಗೊಂಬೆಯ ಹಾಗೆ ಕೂತಿದ್ದೆ. ಧೈರ್ಯವೇನಲ್ಲ, ಅಲುಗಿದರೆ ಅತ್ತುಬಿಡುತ್ತಿದ್ದೆ. ಕಡೆಗೆ ಅವರೇ, "ಸೋಮವಾರ ಬೆಳಗ್ಗೆ. ಅದಕ್ಕಿಂತ ಒಂದು ಗಂಟೆ ಹೆಚ್ಚಿಲ್ಲ" ಅಂದರು. ಫೈಲು ಮುಚ್ಚುತ್ತಾ, "ಆದ್ರೆ ನಾಳೆಯಿಂದ ಗೊಂಬೆಗಳೆಲ್ಲ ಸಭಾಂಗಣಕ್ಕೆ ಹೋಗ್ತವೆ. ಅದಕ್ಕೆ ನಾನೇನೂ ಮಾಡೋಕಾಗಲ್ಲ" ಅಂತಲೂ ಸೇರಿಸಿದರು.

ಅಂದರೆ ದಿನ ಕೊಟ್ಟರು, ಗೊಂಬೆ ಕಿತ್ತುಕೊಂಡರು. ಎಲೆ ಹಾಕಿ ಊಟಕ್ಕೆ ಕೂರಿಸಿ ಅನ್ನದ ಪಾತ್ರೆ ಎತ್ತಿಕೊಂಡು ಹೋದ ಹಾಗೆ.

ಹೊರಗೆ ಟೇಪು ನನ್ನ ಪಕ್ಕಕ್ಕೆ ಬಂದಳು. "ಬೇಜಾರು ಮಾಡ್ಕೋಬೇಡ್ವೇ. ನೀನು ಇಷ್ಟೆಲ್ಲ ಮಾತಾಡ್ತೀಯ ಅಂತ ನನಗೇನು ಗೊತ್ತು?"

"ಗೊತ್ತಿದ್ರೆ?"

"ಗೊತ್ತಿದ್ರೆ..." ಅಂದವಳು ಮುಂದೆ ಹೇಳಲಿಲ್ಲ. ಅವಳ ನಾಲಿಗೆ ಅಷ್ಟು ಗಿಡ್ಡ ಆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮನೆಯಲ್ಲಿರುವ ಗೊಂಬೆ ಎರಡು ದಿನಕ್ಕೆ ಕೊಡು ಅಂದೆ. ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸಿದ್ದಾರೆ, ಅಪ್ಪ ಬೈತಾರೆ ಅಂದಳು.

ಭಾನುವಾರ ಚಿಕ್ಕಮ್ಮ ಅಂಗಡಿ ತೆಗೆಯುವುದಿಲ್ಲ. ಬೀಗದ ಕೈ ನನ್ನ ಕೈಗಿಟ್ಟು ಮಾವನ ಮನೆಗೆ ಹೋದಳು. ಅಕ್ಕ ಮನೆಯಲ್ಲಿ ಏನೋ ನೆಪ ಹೇಳಿ ಬೆಳಗ್ಗೆಯೇ ಬಂದರು.

"ಗೊಂಬೆ ಎಲ್ಲೇ?"

"ಇಲ್ಲೇ ಇದೀನಲ್ಲ."

ಬಿಗಿಯಾದ ಒಳಉಡುಪು ತೊಟ್ಟು ಕನ್ನಡಿಯ ಮುಂದೆ ನಿಂತೆ. ಅಕ್ಕ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಬಟ್ಟೆಯ ತುದಿ ನನ್ನ ಹೆಗಲಿಗಿಟ್ಟು ಪಿನ್ನು ಹಾಕಿದರು. ಹಿಂದೆ ಸರಿದು ನೋಡಿದರು. ಬಿಚ್ಚಿದರು. ಮತ್ತೆ ಹಾಕಿದರು. "ಉಸಿರು ಬಿಡಬಹುದು ಕಣೇ," ಅಂದರು. ನಾನು ಸುಮ್ಮನೆ ನಿಲ್ಲುವುದರಲ್ಲಿ ಗಟ್ಟಿಗಿತ್ತಿ. ಹುಟ್ಟಿದಾಗಿನಿಂದ ಅದೇ ಅಭ್ಯಾಸ. ಮೇಲೆ ಯಾರೋ ಮೆಟ್ಟಿಲಿಳಿದಾಗ ಬಟ್ಟೆಯ ಮೇಲೆ ದೂಳು ಉದುರಿತು, ಅಕ್ಕ ಬಾಯಿಂದ ಊದಿದರು. ಸೊಂಟದ ಹತ್ತಿರ ಒಂದು ಪಿನ್ನು ಚರ್ಮಕ್ಕೇ ಹೋಯಿತು. ನಾನು ಕೂಗಿದ್ದಕ್ಕಿಂತ ಜೋರಾಗಿ ಅಕ್ಕ ಕೂಗಿದರು.

ಮಧ್ಯಾಹ್ನ ದಾಟುವ ಹೊತ್ತಿಗೆ ಬಟ್ಟೆ ಹಟ ಬಿಟ್ಟಿತು. ಹೆಗಲಿಂದ ಹೊರಟು, ಬೆನ್ನು ಬಳಸಿ, ಸೊಂಟದ ಹತ್ತಿರ ತಿರುಗಿ ಇಳಿಯಿತು. ಕನ್ನಡಿಯಲ್ಲಿ ನನ್ನನ್ನು ನಾನು ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ. ಅಕ್ಕ ನೆಲದ ಮೇಲೆ ಕೂತುಬಿಟ್ಟರು. "ಮೊದಲಿನದಕ್ಕಿಂತ ಚೆನ್ನಾಗಿದೆ, ಅಲ್ವೇನೇ?"

ಚೆನ್ನಾಗಿತ್ತು. ಆ ಖುಷಿಯಲ್ಲಿ ನಾವಿಬ್ಬರೂ ಒಂದು ವಿಷಯ ಮರೆತೆವು. ಚಿಕ್ಕಮ್ಮ ಅಲ್ಲಿದ್ದಿದ್ದರೆ ಮೊದಲನೇ ಪಿನ್ನಿಗೇ ಹೇಳುತ್ತಿದ್ದಳು. ಮೈಮೇಲಿಂದ ತೆಗೆಯುವ ಮುನ್ನ ಈ ಸಲ ಪಿನ್ನಿನ ಜಾಗಕ್ಕೆಲ್ಲ ಕೆಂಪು ದಾರದಲ್ಲಿ ಒಂದೊಂದು ಹೊಲಿಗೆ ಹಾಕಿಕೊಂಡೆವು. ದಾರ ಪೆನ್ಸಿಲ್ ಅಲ್ಲವಲ್ಲ.

ಸೋಮವಾರ ಡ್ರೇಪಿಂಗ್ ಮೇಡಂ ಸಭಾಂಗಣದಿಂದ ಒಂದು ಗೊಂಬೆಯನ್ನು ತಾವೇ ಎತ್ತಿಕೊಂಡು ಬಂದರು. ನನ್ನ ಹತ್ತಿರ ಮಾತಾಡಲಿಲ್ಲ. ಕೆಂಪು ದಾರ ನೋಡಿಯೂ ಏನೂ ಅನ್ನಲಿಲ್ಲ. ಅಕ್ಕ ಉಡುಪನ್ನು ಗೊಂಬೆಗೆ ತೊಡಿಸಿ ಕೈ ತೆಗೆದರು.

ಎಡಭುಜದಲ್ಲಿ ಬಟ್ಟೆ ಉಬ್ಬಿ ನಿಂತಿತು. ಅಲ್ಲಿಂದ ಕೆಳಗೆ ಇಡೀ ಇಳಿತವೇ ಓರೆಯಾಗಿ, ಕುಂಟುವವರ ನಡಿಗೆಯ ಹಾಗೆ ಒಂದು ಕಡೆ ಎಳೆಯುತ್ತಿತ್ತು. ಅಕ್ಕ ನನ್ನ ಎಡಭುಜ ನೋಡಿದರು. ನಾನೂ ನೋಡಿಕೊಂಡೆ. ತಕ್ಕಡಿ! ಗೊಂಬೆಯ ಭುಜಗಳು ಸಮ, ನನ್ನವು ಸಮವಿಲ್ಲ. ಇಡೀ ಉಡುಪನ್ನು ನನ್ನ ಓರೆಗೆ ಕೂರಿಸಿದ್ದೆವು.

"ಇದು ಗೊಂಬೆಗೆ ಕೂತಿಲ್ಲ," ಅಂದರು ಮೇಡಂ.

ಬಾಗಿಲ ಹತ್ತಿರ ನಮ್ಮ ಕ್ಲಾಸಿನವರೆಲ್ಲ ಸೇರಿದ್ದರು. ಆ ದಿನ ಸಭೆಗೆ ಬರಲು ಬಿಡುವಿಲ್ಲದವರಿಗೆಲ್ಲ ಈ ದಿನ ಬಿಡುವಿತ್ತು. ಅಕ್ಕ ನಿಧಾನವಾಗಿ ಕೆಂಪು ಹೊಲಿಗೆ ಬಿಚ್ಚಲು ಕೈ ಹಾಕಿದರು. ಆ ಕೈ ನೋಡಿ ನನಗೆ ಎಲ್ಲರ ಮೇಲೂ ಸಿಟ್ಟು ಬಂತು: ಇಸ್ತ್ರಿ ಮಾಡಿದವರ ಮೇಲೆ, ಪೆನ್ಸಿಲ್ ಬೇಡ ಅಂದವರ ಮೇಲೆ, ನನ್ನ ಭುಜದ ಮೇಲೆ.

"ಕೀಳಬೇಡಿ ಅಕ್ಕಾ," ಅಂದೆ. ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ ಅಂದಿದ್ದೆ ಅಂತ ಅಂದ ಮೇಲೆ ತಿಳಿಯಿತು. "ನನಗೆ ಕೂರುತ್ತೆ ಮೇಡಂ. ನನ್ನ ಮೇಲೆ ಹೊಲಿದಿದ್ದು."

ಮೇಡಂ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಮೊದಲ ಸಲ ಅವರ ಮುಖದಲ್ಲಿ ಏನೋ ಸಡಿಲವಾಯಿತು. "ಹಾಕ್ಕೊಂಡು ಬಾ."

ಮಡಚುವ ಪರದೆಯ ಹಿಂದೆ ಅಕ್ಕ ತೊಡಿಸಿದರು. ಹೊರಗೆ ಬಂದೆ. ಬಟ್ಟೆ ಭುಜದಿಂದ ಹೊರಟು, ತಿರುಗಿ, ಇಳಿಯಿತು. ಮೇಡಂ ನನ್ನ ಸುತ್ತ ಒಂದು ಸುತ್ತು ಬಂದು, ಸೊಂಟದ ತಿರುವನ್ನು ಎರಡು ಬೆರಳಲ್ಲಿ ಮುಟ್ಟಿ, ಅಕ್ಕನಿಗೆ, "ಇದನ್ನ ಒಪ್ಪದೇ ಇರೋಕೆ ನನಗೆ ಕಣ್ಣಿರಬಾರದು" ಅಂದರು. ಆಮೇಲೆ ನನಗೆ: "ಆದ್ರೆ ಗೊಂಬೆ ಮೇಲೆ ನಿಲ್ಲಿಸಿದ್ರೆ ಪ್ರಿನ್ಸಿಪಾಲರು ಒಂದೇ ನೋಟಕ್ಕೆ ತೆಗೆದುಹಾಕ್ತಾರೆ. ಪ್ರದರ್ಶನದ ದಿನ ವೇದಿಕೆ ಮೇಲೆ ಇದನ್ನ ಹಾಕ್ಕೊಂಡು ನಡೆಯೋದು ನೀನೇ. ಬೇರೆ ಯಾರಿಗೂ ಇದು ಕೂರಲ್ಲ. ಆಗುತ್ತಾ?"

ಎಲ್ಲರ ಮನೆಯವರು, ಕಂಪನಿಯವರು, ದೀಪಗಳು. ಚಪ್ಪಲಿ ನೋಡಿಕೊಂಡು ನಡೆಯುವ ನಾನು.

ತಲೆ ಆಡಿಸಲಿಲ್ಲ. "ಆಗುತ್ತೆ," ಅಂದೆ.

ಅವತ್ತಿನಿಂದ ದಿನವೂ ಬಿಡುವಿನಲ್ಲಿ ಟೇಪು ನನಗೆ ಕಾರಿಡಾರಿನಲ್ಲಿ ನಡಿಗೆ ಕಲಿಸುತ್ತಾಳೆ. ನಾನು ಕೇಳಿರಲಿಲ್ಲ, ತಾನೇ ಬಂದು ನಿಂತಳು. "ತಲೆ ಎತ್ತೇ ಸೆಕ್ರೆಟರಿ! ನೆಲದಲ್ಲೇನು ಸೂಜಿ ಬಿದ್ದಿದ್ಯಾ?" ಅಂತ ಕೂಗುತ್ತಾಳೆ. ಭುಜ ಸಮ ಮಾಡು ಅಂತ ಮಾತ್ರ ಅನ್ನುವುದಿಲ್ಲ. ಸಮ ಮಾಡಿದರೆ ಉಡುಪು ಕೆಡುತ್ತದೆ ಅಂತ ಅವಳಿಗೂ ಗೊತ್ತು.

ಅವಳ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಡ್ರೇಪಿಂಗ್ ಕೋಣೆಗೆ ಬೀಗ ಬೇಕು ಅಂತ ನಾನು ಆಫೀಸಿಗೆ ಅಲೆಯುವುದೂ ಮುಗಿದಿಲ್ಲ. ನೋಡೋಣ ಅನ್ನುತ್ತಾರೆ. ಯಾವತ್ತು ಮೇಡಂ ಅನ್ನುತ್ತೇನೆ.